ಮಂಟಪ ಮುಳುಗಿದ ಮೇಲೆ

ಮಳೆ ಹಿಡಿದು ನಾಲ್ಕು ದಿನ ಬಿಡದೆ ಸುರಿದರೆ ಸಾಕು, ಶಿವಮೊಗ್ಗದ ಜನ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: ‘ಮಂಟಪ ಮುಳುಗಿತಾ?’

ಕೋರ್ಪಲಯ್ಯನ ಛತ್ರದ ಬಳಿ ತುಂಗಾ ನದಿಯಲ್ಲಿ ನಿಂತಿರುವ ಕಲ್ಲಿನ ಮಂಟಪ ಅದು. ಅದರ ನೆತ್ತಿಯ ಮೇಲೆ ಕೆಂಪು ನೀರು ಹಾದರೆ ಹೊಳೆ ತುಂಬಿತು ಎಂದು ಊರಿನ ಲೆಕ್ಕ. ಆಮೇಲೆ ಬಾಗಿನ, ಪೂಜೆ. ಕೊಡೆ ಹಿಡಿದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಬರುವವರ ಸಾಲು. ಅದೇ ಹೊತ್ತಿಗೆ ನದಿದಂಡೆಯ ತಗ್ಗು ಕೇರಿಗಳಲ್ಲಿ ಅಕ್ಕಿಯ ಮೂಟೆ ಅಟ್ಟ ಏರಿರುತ್ತದೆ. ಮನೆಯ ಹಿರಿಯರು ಹಿತ್ತಿಲ ಬಾಗಿಲಲ್ಲಿ ಕುಳಿತು ಮೆಟ್ಟಿಲು ಎಣಿಸುತ್ತಿರುತ್ತಾರೆ: ನಿನ್ನೆ ಆರು ಮೆಟ್ಟಿಲು ಕಾಣುತ್ತಿತ್ತು, ಇವತ್ತು ನಾಲ್ಕು. ಒಂದೇ ಹೊಳೆ ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ನಿದ್ದೆಗೇಡು.

ಚಂಡಮಾರುತ, ಸಮುದ್ರ, ದ್ವೀಪ ಎಂಬ ಮಾತುಗಳು ಶಿವಮೊಗ್ಗದ ಮಕ್ಕಳಿಗೆ ಭೂಗೋಳದ ಪುಸ್ತಕದಲ್ಲಿ ಮಾತ್ರ ಸಿಗುತ್ತವೆ. ಆದರೆ ದ್ವೀಪ ಎಂದರೇನು? ನಾಲ್ಕೂ ಕಡೆ ನೀರು ಇರುವ ಭೂಮಿ. ಹಾಗಾದರೆ ತುಂಗೆ ಉಕ್ಕಿದ ರಾತ್ರಿ ಕುಂಬಾರಗುಂಡಿ, ಸೀಗೆಹಟ್ಟಿ, ಇಮಾಮಬಾಡಾ ಕಡೆಯ ಕೆಲವು ಬೀದಿಗಳೂ, ಭದ್ರೆ ಉಕ್ಕಿದ ರಾತ್ರಿ ಭದ್ರಾವತಿಯ ಕವಲಗುಂದಿಯೂ ದ್ವೀಪಗಳೇ. ಸಮುದ್ರದ ದ್ವೀಪದವರಿಗೆ ತಾವು ದ್ವೀಪದಲ್ಲಿದ್ದೇವೆ ಎಂಬುದು ಹುಟ್ಟಿನಿಂದ ಗೊತ್ತು. ಇಲ್ಲಿಯವರಿಗೆ ಅದು ಗೊತ್ತಾಗುವುದು ನಡುರಾತ್ರಿ ಎರಡು ಗಂಟೆಗೆ, ಮಂಚದಿಂದ ಕಾಲು ಇಳಿಸಿದಾಗ. ಆದ್ದರಿಂದ ದ್ವೀಪದವರಿಗಿಂತ ಇವರಿಗೇ ಸಿದ್ಧತೆ ಹೆಚ್ಚು ಬೇಕು.

ಒಡಿಶಾದ ಗಾಳಿ, ಆಗುಂಬೆಯ ಮಳೆ

2019ರ ಆಗಸ್ಟ್ ಮೊದಲ ವಾರ ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಎದ್ದು ಒಡಿಶಾ ತೀರವನ್ನು ದಾಟಿತು. ಶಿವಮೊಗ್ಗಕ್ಕೂ ಒಡಿಶಾಕ್ಕೂ ಏನು ಸಂಬಂಧ ಎಂದು ಕೇಳಬಹುದು. ಕೊಲ್ಲಿಯಲ್ಲಿ ಒತ್ತಡ ಕುಸಿದಾಗ ಅರಬ್ಬೀ ಸಮುದ್ರದ ಕಡೆಯಿಂದ ಬೀಸುವ ಪಡುವಣ ಗಾಳಿಗೆ ಬಲ ಬರುತ್ತದೆ. ಆ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ಹೊಡೆದು ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಹಳಬರ ಲೆಕ್ಕದಲ್ಲಿ ಅದು ಆಶ್ಲೇಷಾ ಮಳೆಯ ಕಾಲ. ಆ ವಾರ ತುಂಗಾ, ಭದ್ರಾ ಎರಡೂ ಉಕ್ಕಿದವು. ಶಿವಮೊಗ್ಗದಲ್ಲಿ ದಂಡೆಯ ಕೇರಿಗಳಷ್ಟೇ ಅಲ್ಲ, ವಿದ್ಯಾನಗರದಂಥ ಬಡಾವಣೆಗಳಿಗೂ ನೀರು ನುಗ್ಗಿತು. ತಮ್ಮ ಮನೆಗೆ ಹೊಳೆ ಬರಬಹುದು ಎಂದು ಕನಸಿನಲ್ಲೂ ಎಣಿಸದಿದ್ದವರ ಮನೆಗಳು ಅವು.

ಇದರಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ನಗರದಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು. ಹೀಗಾಗಿ ನಗರದಲ್ಲಿ ಬಿಸಿಲು ಇಣುಕುತ್ತಿರುವಾಗಲೂ ಹೊಳೆ ಏರುತ್ತಿರಬಹುದು. ‘ಇವತ್ತು ಮಳೆ ಇಲ್ಲವಲ್ಲ, ಭಯವಿಲ್ಲ’ ಎಂಬ ಮಾತು ಎಷ್ಟೋ ಮನೆಗಳನ್ನು ಕೆಡಿಸಿದೆ. ನೋಡಬೇಕಾದದ್ದು ತಲೆಯ ಮೇಲಿನ ಮೋಡವನ್ನಲ್ಲ, ಘಟ್ಟದ ಮಳೆಯ ಅಂಕಿಯನ್ನು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮನೆಯ ಚಾವಣಿಯ ಮೇಲೆ 200 ಮಿಲಿಮೀಟರ್ ಬಿದ್ದರೆ 20,000 ಲೀಟರ್. ಚಾವಣಿಯ ಜಾಗದಲ್ಲಿ ಶೃಂಗೇರಿ, ತೀರ್ಥಹಳ್ಳಿಯ ಗುಡ್ಡಗಳನ್ನು ಇಟ್ಟು ಮಕ್ಕಳು ಊಹಿಸಿಕೊಳ್ಳಲಿ.

ಮೇಲಿನ ಸುದ್ದಿಯನ್ನು ಕೆಳಗೆ ತಿಳಿಸಲು ಹೊಳೆಯಲ್ಲೇ ಕಲ್ಲಿನ ಅಳತೆಗೋಲುಗಳಿವೆ. ಶೃಂಗೇರಿಯಲ್ಲಿ ಕಪ್ಪೆ ಶಂಕರ, ತೀರ್ಥಹಳ್ಳಿಯಲ್ಲಿ ರಾಮಮಂಟಪ, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ. ಮೂರೂ ಒಂದೇ ತುಂಗೆಯ ಮೇಲಿವೆ. ರಾಮಮಂಟಪ ಮುಳುಗಿತು ಎಂಬ ಫೋನು ತೀರ್ಥಹಳ್ಳಿಯ ನೆಂಟರಿಂದ ಬಂದರೆ ಆ ನೀರು ಇನ್ನು ಇಲ್ಲಿಗೆ ಬರುವುದಿದೆ ಎಂದರ್ಥ. ನಡುವೆ ಮಂಡಗದ್ದೆಯ ಪಕ್ಷಿಧಾಮವಿದೆ. ಹೊಳೆಯ ನಡುವಿನ ಆ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದೂ ಇದೇ ಮಳೆಗಾಲದಲ್ಲೇ. ನೆರೆ ಜೋರಾದ ವರ್ಷ ಕೆಳಗಿನ ಕೊಂಬೆಯ ಗೂಡುಗಳು ನೀರುಪಾಲು.

ಎರಡು ಅಣೆಕಟ್ಟು, ಎರಡು ಬಗೆಯ ನೆರೆ

‘ಡ್ಯಾಂ ಇದೆಯಲ್ಲ, ನೀರು ತಡೆಯಬಾರದೆ?’ ಈ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ. ಉತ್ತರ ಹೈಸ್ಕೂಲಿನ ಭಾಗಾಕಾರದಲ್ಲಿದೆ.

ಶಿವಮೊಗ್ಗಕ್ಕೆ ಹತ್ತಿರದ ಗಾಜನೂರಿನ ತುಂಗಾ ಜಲಾಶಯದ ಗರಿಷ್ಠ ಮಟ್ಟ 588.24 ಮೀಟರ್, ಸಂಗ್ರಹ 3.24 ಟಿಎಂಸಿ, ಗೇಟುಗಳು 22. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಹೊಳೆಯಲ್ಲಿ 50,000 ಕ್ಯುಸೆಕ್ ಬರುತ್ತಿದೆ ಎಂದು ಪತ್ರಿಕೆಯಲ್ಲಿ ಓದಿದಾಗ, 5,000 ಲೀಟರಿನ 283 ಟ್ಯಾಂಕರುಗಳು ಒಂದೊಂದು ಸೆಕೆಂಡಿಗೂ ಮಗುಚುತ್ತಿವೆ ಎಂದು ತಿಳಿಯಬೇಕು. ಆ ಲೆಕ್ಕದಲ್ಲಿ 3.24 ಟಿಎಂಸಿ ತುಂಬಲು ಬೇಕಾದ ಹೊತ್ತು 64,800 ಸೆಕೆಂಡು. ಅಂದರೆ 18 ಗಂಟೆ. ಅದೂ ಜಲಾಶಯ ಪೂರ್ತಿ ಬರಿದಾಗಿದ್ದರೆ! ಮಳೆಗಾಲದ ನಡುವೆ ಅದು ತುಂಬಿಯೇ ಇರುತ್ತದೆ. ಹಾಗಾಗಿ ಬಂದಷ್ಟನ್ನೂ ಬಿಡದೆ ವಿಧಿಯಿಲ್ಲ. ಗಾಜನೂರಿನದು ನೆರೆ ತಡೆಯುವ ಅಣೆಕಟ್ಟಲ್ಲ, ನಾಲೆಗೆ ನೀರು ಎತ್ತರಿಸಿಕೊಡುವ ಕಟ್ಟೆ ಎಂದು ತಿಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಜೊತೆಗೆ ಇನ್ನೊಂದು ಸಂಗತಿ: ನೆರೆಯ ನೀರು ಸೆಕೆಂಡಿಗೆ ಎರಡು ಮೀಟರ್ ಓಡಿದರೂ ಗಂಟೆಗೆ ಏಳು ಕಿಲೋಮೀಟರ್ ದಾಟುತ್ತದೆ. ಗಾಜನೂರಿನಿಂದ ನಗರಕ್ಕೆ ಎರಡು ಗಂಟೆಯ ಹಾದಿ ಎಂದು ಇಟ್ಟುಕೊಳ್ಳಬಹುದು. ಗೇಟು ಎತ್ತಿದ ಸುದ್ದಿ ಕೇಳಿದ ಮೇಲೆ ಚೀಲ ಕಟ್ಟಲು ಕುಳಿತರೆ ಆಗಲೇ ತಡ.

ಭದ್ರೆಯ ಕತೆ ಬೇರೆ. ಲಕ್ಕವಳ್ಳಿಯ ಜಲಾಶಯದ ಆಳ 186 ಅಡಿ, ಸಂಗ್ರಹ 71.5 ಟಿಎಂಸಿ. ಅದೇ 50,000 ಕ್ಯುಸೆಕ್ ಬಂದರೂ ಇದು ತುಂಬಲು ಹದಿನಾರೂವರೆ ದಿನ ಬೇಕು. ಜೂನ್, ಜುಲೈನಲ್ಲಿ ಕುದುರೆಮುಖ, ಕಳಸ, ಬಾಳೆಹೊನ್ನೂರಿನ ಕಡೆ ಎಷ್ಟೇ ಸುರಿದರೂ ಭದ್ರಾವತಿಯಲ್ಲಿ ಹೊಳೆ ತೆಳ್ಳಗೆ ಹರಿಯುವುದು ಇದರಿಂದಲೇ. ಅಪಾಯ ಅಡಗಿರುವುದೂ ಇಲ್ಲೇ. ವರ್ಷವರ್ಷ ಶಾಂತವಾಗಿರುವ ಹೊಳೆಯ ಪಕ್ಕ ಜನ ಒಂದೊಂದೇ ಹೆಜ್ಜೆ ಕೆಳಗಿಳಿದು ಮನೆ ಕಟ್ಟುತ್ತಾರೆ. ಜಲಾಶಯ 186 ಅಡಿಯ ಹತ್ತಿರಕ್ಕೆ ಬಂದ ವರ್ಷ ಗೇಟು ಎತ್ತಲೇಬೇಕು. ಆಗ ಊರಿನ ನಡುವಿನ ಹೊಸ ಸೇತುವೆ ಮುಳುಗುತ್ತದೆ, ಸಂಚಾರ ನಿಲ್ಲುತ್ತದೆ. ಹಳೆಯ ಸೇತುವೆ ಎತ್ತರದಲ್ಲಿ ನಿಂತು ನೋಡುತ್ತಿರುತ್ತದೆ. ಹೆಸರಿಗೆ ಹೊಸದು, ಮುಳುಗುವುದರಲ್ಲಿ ಅದೇ ಮೊದಲು ಎಂದು ಊರಿನವರು ನಗುವುದುಂಟು.

ಹೀಗೆ ತುಂಗೆಯವರು ಘಟ್ಟದ ಮಳೆಯನ್ನು ನೋಡಬೇಕು, ಭದ್ರೆಯವರು ಜಲಾಶಯದ ಮಟ್ಟವನ್ನು ನೋಡಬೇಕು. ಭದ್ರಾವತಿಯ ಮನೆಗಳಲ್ಲಿ ಮಕ್ಕಳು ಪ್ರತಿದಿನ ಪತ್ರಿಕೆಯಿಂದ ಭದ್ರಾ ಮಟ್ಟವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಲಿ. 180 ಅಡಿ ದಾಟಿದ ದಿನದಿಂದ ಮನೆಯವರೆಲ್ಲ ಎಚ್ಚರ. ಎರಡೂ ಹೊಳೆ ಕೂಡಿಕೊಳ್ಳುವುದು ಕೂಡ್ಲಿಯಲ್ಲಿ. ಎರಡೂ ಒಟ್ಟಿಗೆ ಉಕ್ಕಿದ ದಿನ ಸಂಗಮದಲ್ಲಿ ಒಂದು ಇನ್ನೊಂದಕ್ಕೆ ಅಡ್ಡ ನಿಲ್ಲುತ್ತದೆ. ಕೆಳಗೆ ಹೊನ್ನಾಳಿ, ಹರಿಹರದವರಿಗೆ ಬರುವುದು ಎರಡರ ಮೊತ್ತ.

ನದಿಗೆ ತಡೆಗೋಡೆ ಕಟ್ಟಿದ ಮೇಲೂ ಬೀದಿಗೆ ನೀರು ಹೇಗೆ ಬರುತ್ತದೆ? ಚರಂಡಿ, ರಾಜಕಾಲುವೆಗಳು ಹೊಳೆಗೆ ಸೇರುವ ಬಾಯಿಗಳೇ ದಾರಿ. ಹೊಳೆಯ ಮಟ್ಟ ಚರಂಡಿಯ ಮಟ್ಟಕ್ಕಿಂತ ಮೇಲಾದಾಗ ನೀರು ತಿರುಗಿ ಹರಿಯುತ್ತದೆ. ನೀರು ತನ್ನ ಮಟ್ಟವನ್ನು ತಾನೇ ಹುಡುಕುತ್ತದೆ ಎಂಬ ಏಳನೇ ತರಗತಿಯ ಪಾಠ ಬಚ್ಚಲಿನ ತೂತಿನಿಂದ ಮನೆಯೊಳಗೆ ಬರುತ್ತದೆ. ಬಚ್ಚಲು, ಕಕ್ಕಸಿನ ತೂತುಗಳ ಮೇಲೆ ಮರಳಿನ ಚೀಲ ಒತ್ತಿಡುವುದು ಇದಕ್ಕಾಗಿ.

ತೇಲುವ ಸಿಲಿಂಡರು

ಮನೆಯ ಸಿದ್ಧತೆಯಲ್ಲಿ ಮೊದಲನೆಯದು ಕುಡಿಯುವ ನೀರು. ಸುತ್ತೆಲ್ಲ ನೀರಿದ್ದೂ ಕುಡಿಯಲು ಹನಿಯಿಲ್ಲದಿರುವುದು ನೆರೆಯ ವಿಚಿತ್ರ. ನದಿದಂಡೆಯ ಪಂಪು ಮುಳುಗಿದರೆ, ಕರೆಂಟು ಹೋದರೆ ನಲ್ಲಿ ಬತ್ತುತ್ತದೆ. ಒಬ್ಬರಿಗೆ ದಿನಕ್ಕೆ ಮೂರು ಲೀಟರಿನಂತೆ ಐದು ಜನರ ಮನೆಗೆ ಮೂರು ದಿನಕ್ಕೆ 45 ಲೀಟರ್. ಮುಚ್ಚಳದ ಕ್ಯಾನುಗಳಲ್ಲಿ ತುಂಬಿ ಎತ್ತರದಲ್ಲಿಡಬೇಕು. ತಿನ್ನಲು ಒಲೆ ಬೇಡದ ಪದಾರ್ಥಗಳು: ಅವಲಕ್ಕಿ, ಮಂಡಕ್ಕಿ, ಹುರಿಗಡಲೆ, ಬೆಲ್ಲ. ಬ್ಯಾಟರಿ, ಮೇಣದಬತ್ತಿ, ಅಜ್ಜನ ಬಿಪಿ ಮಾತ್ರೆ, ಮಗುವಿನ ಹಾಲಿನ ಪುಡಿ ಇವೆಲ್ಲ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹೇಳಬೇಕಾದದ್ದು ಅಡುಗೆ ಅನಿಲದ ಸಿಲಿಂಡರಿನ ವಿಚಾರ. ತುಂಬಿದ ಸಿಲಿಂಡರು ಕಲ್ಲಿನಂತೆ ಭಾರ, ಅದೆಲ್ಲಿ ಹೋದೀತು ಎಂದು ಎಲ್ಲರೂ ನಂಬುತ್ತಾರೆ. ಲೆಕ್ಕ ಹಾಕಿ ನೋಡಿ. ಅನಿಲ 14.2 ಕಿಲೋ, ಉಕ್ಕು ಹದಿನೈದು ಹದಿನಾರು ಕಿಲೋ, ಒಟ್ಟು ಸುಮಾರು 30 ಕಿಲೋ. ಆದರೆ ಅದರ ಒಳಗಿನ ಗಾತ್ರವೇ 33 ಲೀಟರ್ ದಾಟುತ್ತದೆ. ಮುಳುಗಿದರೆ ಅಷ್ಟೇ ಲೀಟರ್ ನೀರನ್ನು ಅದು ತಳ್ಳಬೇಕು, ಅಂದರೆ 33 ಕಿಲೋಗೂ ಹೆಚ್ಚು. ಆರ್ಕಿಮಿಡೀಸ್ ಹೇಳಿದಂತೆ ತುಂಬಿದ ಸಿಲಿಂಡರೂ ತೇಲುತ್ತದೆ, ಖಾಲಿಯದಂತೂ ಕುಣಿಯುತ್ತದೆ. ಎಳೆತಕ್ಕೆ ಕೊಳವೆ ಹರಿದು ಅನಿಲ ಸೋರಿದರೆ ಮುಂದಿನದು ಊಹೆಗೆ ಬಿಟ್ಟದ್ದು. ಮನೆ ಬಿಡುವ ಮೊದಲು ರೆಗ್ಯುಲೇಟರ್ ಕಳಚಿ, ಮುಚ್ಚಳ ಹಾಕಿ, ಸಿಲಿಂಡರನ್ನು ಕಿಟಕಿಯ ಸರಳಿಗೆ ಗಟ್ಟಿಯಾಗಿ ಕಟ್ಟಬೇಕು. ವಿದ್ಯುತ್ತಿನ ಮೇನ್ ಸ್ವಿಚ್ಚನ್ನು ನೆಲ ಒಣಗಿರುವಾಗಲೇ ಇಳಿಸಬೇಕು. ನೀರಿನಲ್ಲಿ ನಿಂತು ಮುಟ್ಟಬಾರದು.

ಹರಿಯುವ ನೀರಿನ ಬಲದ ವಿಚಾರದಲ್ಲೂ ಇಂಥದೇ ತಪ್ಪು ತಿಳಿವಳಿಕೆ. ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ರಭಸದ ನೀರು ಒಂದು ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. ಒಂದು ಅಡಿ ಇದ್ದರೆ ಸಣ್ಣ ಕಾರು ತೇಲುತ್ತದೆ, ಎರಡು ಅಡಿಗೆ ಹೆಚ್ಚಿನ ವಾಹನಗಳೆಲ್ಲ ಹೊಳೆಯ ಪಾಲು. ಮುಳುಗಿದ ಸೇತುವೆಯ ಮೇಲೆ ಬೈಕು ದಾಟಿಸಿ ಗೆಳೆಯರ ಮುಂದೆ ಮೀಸೆ ತಿರುವುವ ಹುಡುಗರಿಗೆ ಅಪ್ಪ ಅಮ್ಮಂದಿರು ಈ ಅಂಕಿಗಳನ್ನು ಊಟದ ಹೊತ್ತಿನಲ್ಲಿ ಹೇಳಲಿ. ಬೈದರೆ ಕೇಳದ ವಯಸ್ಸು, ಲೆಕ್ಕವನ್ನಾದರೂ ಕೇಳೀತು.

ಬಿಟ್ಟು ಹೊರಡುವುದು

ಎಲ್ಲಕ್ಕಿಂತ ಕಷ್ಟದ ಕೆಲಸ ಇದು. ಹೆಂಗಸರು ಮಕ್ಕಳನ್ನು ಕಳಿಸಿ ಗಂಡಸರು ಮನೆಯಲ್ಲೇ ಉಳಿಯುತ್ತಾರೆ. ಕಳ್ಳತನದ ಭಯ, ಹಸುವಿನ ಚಿಂತೆ. ‘ಹೋದ ಸಲ ಹೊಸ್ತಿಲವರೆಗೆ ಬಂದು ಇಳಿದಿತ್ತು, ಈ ಸಲವೂ ಅಷ್ಟೇ’ ಎಂಬ ಧೈರ್ಯ. ಕಾಳಜಿ ಕೇಂದ್ರವನ್ನು ಇನ್ನೂ ಗಂಜಿ ಕೇಂದ್ರವೆಂದೇ ಕರೆದು, ಅಲ್ಲಿ ಹೋಗಿ ಕೂರುವುದು ಮರ್ಯಾದೆಗೆ ಕಡಿಮೆ ಎಂದು ಭಾವಿಸುವವರೂ ಇದ್ದಾರೆ. ಇವರನ್ನು ಅವಿವೇಕಿಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಇಪ್ಪತ್ತು ವರ್ಷದ ದುಡಿಮೆಯನ್ನು ಕತ್ತಲಲ್ಲಿ ಬಿಟ್ಟು ಹೊರಡುವುದು ಯಾರಿಗೂ ಸುಲಭವಲ್ಲ.

ಪರ ಊರಿನವರು ಇದನ್ನು ಹೇಗೆ ಗೆದ್ದರು ಎಂಬುದು ತಿಳಿಯಬೇಕಾದ ಕತೆ. 1970ರಲ್ಲಿ ಇಂದಿನ ಬಾಂಗ್ಲಾದೇಶದ ತೀರ ಮತ್ತು ದ್ವೀಪಗಳಿಗೆ ಬಡಿದ ಭೋಲಾ ಚಂಡಮಾರುತದಲ್ಲಿ ಸತ್ತವರು ಕನಿಷ್ಠ ಮೂರು ಲಕ್ಷ. 1972ರಿಂದ ಅಲ್ಲಿ ಹಳ್ಳಿಹಳ್ಳಿಯ ಸ್ವಯಂಸೇವಕರ ಪಡೆ ಬೆಳೆಯಿತು. ಕೈಯಲ್ಲಿ ಮೈಕು, ಬಾವುಟ ಹಿಡಿದು ಮನೆಮನೆಗೆ ಹೋಗುವವರು ಊರಿನ ಹುಡುಗರೇ. ಗುರುತಿಲ್ಲದ ಅಧಿಕಾರಿ ಹೇಳಿದರೆ ಏಳದ ಅಜ್ಜಿ ಪಕ್ಕದ ಮನೆಯ ಹುಡುಗ ‘ಏಳಜ್ಜಿ, ನೀರು ಬಂತು’ ಎಂದರೆ ಏಳುತ್ತಾಳೆ. ಒಡಿಶಾದಲ್ಲಿ 1999ರ ಅಕ್ಟೋಬರಿನ ಚಂಡಮಾರುತಕ್ಕೆ ಹತ್ತು ಸಾವಿರದಷ್ಟು ಜನ ಬಲಿಯಾದರು. 2013ರಲ್ಲಿ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸಾಗಿಸಿದ್ದರಿಂದ ಸಾವು ಹತ್ತುಗಳ ಲೆಕ್ಕಕ್ಕೆ ಇಳಿಯಿತು. ಗಾಳಿ ಜೋರಾಗಿಯೇ ಇತ್ತು, ಆದರೆ ಜನ ಮೊದಲೇ ಹೊರಟಿದ್ದರು.

ಶಿವಮೊಗ್ಗ, ಭದ್ರಾವತಿಯ ದಂಡೆಯ ಕೇರಿಗಳಿಗೆ ಇದರಿಂದ ಕಲಿಯಬಹುದಾದದ್ದು ದುಬಾರಿಯ ಯಂತ್ರವಲ್ಲ, ಒಂದು ಪಟ್ಟಿ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಎಲ್ಲಿ ಬಸುರಿ ಬಾಣಂತಿಯರಿದ್ದಾರೆ, ಯಾರಿಗೆ ಕಿವಿ ಕೇಳಿಸದು, ಯಾರ ಕೊಟ್ಟಿಗೆಯಲ್ಲಿ ಎಷ್ಟು ರಾಸು. ಹೈಸ್ಕೂಲಿನ ನಾಲ್ಕು ಮಕ್ಕಳು ಒಂದು ಭಾನುವಾರ ಕೂತರೆ ಒಂದು ಬೀದಿಯ ಪಟ್ಟಿ ಮುಗಿಯುತ್ತದೆ. ಪಟ್ಟಿಯ ಕೆಳಗೆ ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತಿಗೆ 112, ಆಂಬುಲೆನ್ಸಿಗೆ 108. ಹೊರಡುವಾಗ ದನಕರುಗಳನ್ನು ಜೊತೆಗೆ ಒಯ್ಯಲಾಗದಿದ್ದರೆ ಹಗ್ಗವನ್ನಾದರೂ ಬಿಚ್ಚಬೇಕು. ಬಿಟ್ಟ ಹಸು ಈಜಿ ದಡ ಸೇರೀತು, ಕಟ್ಟಿದ ಹಸುವಿಗೆ ಆ ಅವಕಾಶವೇ ಇಲ್ಲ.

ವಿದ್ಯಾರ್ಥಿಗಳಿರುವ ಮನೆಯಲ್ಲಿ ಇನ್ನೊಂದು ಚೀಲ ಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಆದಾಯ ಪತ್ರ, ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ಕು, ಮನೆಯ ಹಕ್ಕುಪತ್ರ. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೂನ್ ಒಂದರಿಂದಲೇ ಬಾಗಿಲ ಹತ್ತಿರದ ಮೊಳೆಗೆ ನೇತುಹಾಕಿಡಬೇಕು. ಬಟ್ಟೆ ಮತ್ತೆ ಸಿಗುತ್ತದೆ. ಅಂಕಪಟ್ಟಿಯ ನಕಲು ತರಲು ಕಚೇರಿ ಅಲೆಯುವ ಹೊತ್ತಿಗೆ ಕಾಲೇಜಿನ ಪ್ರವೇಶದ ಕೊನೆಯ ದಿನ ದಾಟಿರುತ್ತದೆ.

ನೀರು ಇಳಿದ ಬೆಳಿಗ್ಗೆ

ನೆರೆಯಲ್ಲಿ ಗಟ್ಟಿಯಾಗಿ ನಿಂತ ಮಣ್ಣಿನ ಗೋಡೆ ನೀರು ಇಳಿದ ಮೇಲೆ ಬೀಳುತ್ತದೆ. ಇದು ಹಲವರ ಅನುಭವ, ಕೆಲವರ ಜೀವವನ್ನೇ ತೆಗೆದಿದೆ. ಕಾರಣ ಕಷ್ಟದ್ದಲ್ಲ. ನೀರು ಒಳಗೂ ಹೊರಗೂ ಸಮನಾಗಿರುವಾಗ ಎರಡು ಬದಿಯ ಒತ್ತಡವೂ ಸಮ. ಹೊರಗಿನದು ಬೇಗ ಇಳಿದು ಒಳಗಿನದು ಉಳಿದರೆ ಗೋಡೆಯನ್ನು ಹೊರಕ್ಕೆ ತಳ್ಳುವ ಬಲವೊಂದೇ ಉಳಿಯುತ್ತದೆ. ಆ ವೇಳೆಗೆ ಮಣ್ಣು ನೀರು ಕುಡಿದು ಭಾರವಾಗಿ, ಹಿಡಿತ ಕಳೆದುಕೊಂಡಿರುತ್ತದೆ. ಬುಡ ಮೆತ್ತಗಾಗಿದ್ದರೆ, ಬಿರುಕು ಕಂಡರೆ, ಹೊಟ್ಟೆ ಉಬ್ಬಿದ್ದರೆ ಆ ಗೋಡೆಯ ಬಳಿ ಮಲಗಬಾರದು. ಬಿಸಿಲು ಬಂತು ಎಂಬುದು ಧೈರ್ಯಕ್ಕೆ ಕಾರಣವಲ್ಲ.

ಒಳಗೆ ಹೋಗುವಾಗ ಕೈಯಲ್ಲಿ ಕೋಲಿರಲಿ. ನೀರಿನಿಂದ ಓಡಿಬಂದ ಹಾವುಗಳಿಗೂ ಅಟ್ಟವೇ ಆಶ್ರಯ. ಕೆಸರು ಗುಡಿಸುವ ಮೊದಲು ಗೋಡೆಯ ಮೇಲಿನ ನೀರಿನ ಗೆರೆ, ಹಾಳಾದ ಸಾಮಾನು ಎಲ್ಲದರ ಫೋಟೊ ತೆಗೆದಿಡಬೇಕು. 2019ರಲ್ಲಿ ನೀರು ನುಗ್ಗಿದ ಮನೆಗಳಿಗೆ ಸರಕಾರ ತಕ್ಷಣದ ನೆರವಾಗಿ 10,000 ರೂಪಾಯಿ ಕೊಟ್ಟಿತು. ಸಮೀಕ್ಷೆಗೆ ಬರುವವರು ಕೇಳುವುದು ಸಾಕ್ಷಿಯನ್ನು. ಮನೆಯನ್ನು ಚೊಕ್ಕಟವಾಗಿ ತೊಳೆದಿಟ್ಟ ಗೃಹಿಣಿಗೆ ನಷ್ಟವಾಗಿದ್ದನ್ನು ತೋರಿಸುವುದೇ ಕಷ್ಟ.

ಬಾವಿಯ ವಿಚಾರಕ್ಕೆ ಬಂದರೆ, ಒಂದು ಹಿಡಿ ಬ್ಲೀಚಿಂಗ್ ಪೌಡರ್ ಎರಚಿ ಕೈ ತೊಳೆದುಕೊಳ್ಳುವುದು ರೂಢಿ. ಅದರಲ್ಲೂ ಲೆಕ್ಕವಿದೆ. ಬಾವಿಯ ವ್ಯಾಸ ಎರಡು ಮೀಟರ್, ನೀರಿನ ಆಳ ಐದು ಮೀಟರ್ ಇದ್ದರೆ, ವ್ಯಾಸದ ವರ್ಗವನ್ನು 3.14ರಿಂದಲೂ ಆಳದಿಂದಲೂ ಗುಣಿಸಿ ನಾಲ್ಕರಿಂದ ಭಾಗಿಸಿದರೆ 15.7 ಘನ ಮೀಟರ್, ಅಂದರೆ 15,700 ಲೀಟರ್. ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ ಸಾಕು, ಅಂದರೆ ಸುಮಾರು 40 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಗ್ಗಿಸಿ, ಬಾವಿಗಿಳಿಸಿ, ಮೇಲೆ ಕೆಳಗೆ ಆಡಿಸಬೇಕು. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ನೆರೆ ನುಗ್ಗಿದ ಬಾವಿಗೆ ಇಷ್ಟು ಸಾಲದು. ಮೊದಲು ಕೆಟ್ಟ ನೀರನ್ನೆಲ್ಲ ಎತ್ತಿ, ಹೂಳು ತೆಗೆದು, ಆರೋಗ್ಯ ಇಲಾಖೆಯವರು ಹೇಳುವ ಹೆಚ್ಚಿನ ಪ್ರಮಾಣ ಹಾಕಬೇಕು. ಹಳೆಯ ಪುಡಿ ಡಬ್ಬಿ ತೆರೆದಾಗ ಮೂಗಿಗೆ ಘಾಟು ಬಡಿಯದಿದ್ದರೆ ಅದರ ಕ್ಲೋರಿನ್ ಹಾರಿಹೋಗಿದೆ, ಉಳಿದದ್ದು ಬರೀ ಸುಣ್ಣ. ಯಾವುದೂ ಇಲ್ಲದಿದ್ದರೆ ನೀರನ್ನು ಕೊತಕೊತ ಕುದಿಸಿ ಕುಡಿಯುವುದೇ ಸರಿ.

ಭೇದಿ ಹತ್ತಿದ ಮಗುವಿಗೆ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಕೆಡುಕು, ಆದ್ದರಿಂದ ಅಳೆದೇ ಹಾಕಬೇಕು. ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ವಾರ, ಎರಡು ವಾರದ ನಂತರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಾಣಿಸಿದರೆ ಇಲಿಜ್ವರ ಇರಬಹುದು. ‘ನೆರೆಯ ನೀರಿನಲ್ಲಿ ನಡೆದಿದ್ದೆ’ ಎಂಬ ಮಾತನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಇಷ್ಟಾದ ಮೇಲೆ ಮಂಟಪ ಮತ್ತೆ ಮೇಲೆ ಬರುತ್ತದೆ, ಕಂಬಗಳಿಗೆ ಕಸಕಡ್ಡಿ ಸುತ್ತಿಕೊಂಡು. ಮನೆಯ ಗೋಡೆಯ ಮೇಲೆ ಕೆಸರಿನ ಗೆರೆ ಉಳಿದಿರುತ್ತದೆ. ಸುಣ್ಣ ಬಳಿಯುವ ಮೊದಲು ಮನೆಯ ಹುಡುಗ ಅಥವಾ ಹುಡುಗಿ ಆ ಗೆರೆಯ ಮೇಲೆ ಎಣ್ಣೆಬಣ್ಣದಿಂದ ಒಂದು ಗೀಟು ಎಳೆದು, ಪಕ್ಕದಲ್ಲಿ ಇಸವಿ, ತಾರೀಖು, ಆ ದಿನ ಪತ್ರಿಕೆಯಲ್ಲಿ ಬಂದ ಕ್ಯುಸೆಕ್ ಅಂಕಿಯನ್ನು ಬರೆಯಲಿ. ಮುಂದಿನ ಸಲ ಗಾಜನೂರಿನಿಂದಲೋ ಲಕ್ಕವಳ್ಳಿಯಿಂದಲೋ ಅದೇ ಅಂಕಿ ಕೇಳಿಬಂದಾಗ ಅಕ್ಕಿಯ ಮೂಟೆಯನ್ನು ಎಷ್ಟು ಎತ್ತರಕ್ಕೆ ಏರಿಸಬೇಕು ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.